ಹೊಯ್ಸಳ ರಾಣಿ ಶಾಂತಲೆ

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಅರಸೀಕೆರೆ ಒಂದು ಮುಖ್ಯ ನಿಲ್ದಾಣ. ಹಾಸನ, ಮೈಸೂರುಗಳ ಕಡೆಯಿಂದ ಬರುವ ಹಳಿಗಳು ಇಲ್ಲಿ ಬಂದು ಕೂಡುತ್ತವೆ. ತೆಂಗಿನ ತೋಟಗಳಿಗೂ ಕೊಬ್ಬರಿಯ ವ್ಯಾಪಾರಕ್ಕೂ ಹೆಸರಾದ ಈ ಊರಿಗೆ ಆ ಹೆಸರು ಬಂದುದು ಒಂದು ಕೆರೆಯಿಂದ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಾದುದರಿಂದ ಅದು ಅರಸಿಯ ಕೆರೆ. ಕೆರೆಯ ದಂಡೆಯಲ್ಲಿ ಬೆಳೆದ ಊರು ಅರಸೀಕೆರೆ. ಆಕೆ ಹೊಯ್ಸಳರ ಮನೆತನದವಳೆಂದು ಜನ ಹೇಳುತ್ತಾರೆ. ಆದರೆ ಊರಿನ ಹೆಸರಿನಲ್ಲಿ ಅರಸಿ ಉಳಿದಳೇ ಹೊರತು ಅರಸಿಯ ಹೆಸರು ಉಳಿಯಲಿಲ್ಲ. ನೀರು ಕುಡಿದವರು ಆಕೆಯನ್ನು ನೆನೆದರು. ನೆನೆದವರಲ್ಲಿ ಯಾರೂ ಆಕೆಯ ಹೆಸರನ್ನು ಊರಿನ ಹೆಸರಿಗೆ ಸೇರಿಸಲಿಲ್ಲ.

ಅದೇ ಮನೆತನದ ಇನ್ನೊಬ್ಬ ಅರಸಿಯ ವಿಷಯದಲ್ಲಿ ಹೀಗಾಗಲಿಲ್ಲ. ಅರಸೀಕೆರೆಯಿಂದ ಹಳೇಬೀಡಿಗೆ ಹೋದರೆ ಅಲ್ಲಿಯ ಗುಡಿಗೆ ಆಕೆಯ ಹೆಸರಿದೆ. ಅಲ್ಲಿಂದ ಹದಿನಾರು ಕಿಲೋಮೀಟರು ದೂರದ ಬೇಲೂರಿಗೆ ಹೋದರೆ ಅಲ್ಲಿಯೂ ಆಕೆ ಮಾಡಿಸಿದ ಗುಡಿಯಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದರೆ ಆಕೆಯ ಬಿರುದನ್ನೇ ಹೆಸರಾಗಿ ಪಡೆದ ಬಸದಿಯಿದೆ. ಹೆತ್ತವರ ಹೆಸರು, ಗುರುವಿನ ಹೆಸರು, ಆಕೆ ತೀರಿಕೊಂಡ ಸ್ಥಳ, ವರ್ಷ, ಎಲ್ಲವೂ ನಮಗೆ ದೊರೆತಿವೆ. ಆಕೆಯೇ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ. ಪೆರ್ಗಡೆ ಎಂದರೆ ಆಡಳಿತದಲ್ಲಿ ಹೊಣೆ ಹೊತ್ತ ಅಧಿಕಾರಿ. ಇಂದು ನಾವು ಹೆಗ್ಗಡೆ ಎನ್ನುವ ಮಾತಿನ ಹಳೆಯ ರೂಪ ಅದು. ಮಾರಸಿಂಗಯ್ಯ ಶಿವಭಕ್ತ. ಮಾಚಿಕಬ್ಬೆಯಾದರೋ ಜಿನಧರ್ಮದಲ್ಲಿ ಅಚಲ ಶ್ರದ್ಧೆಯಿದ್ದವಳು. ಅವಳ ತವರಿನವರು ಅಧಿಕಾರವನ್ನೂ ಜಿನಭಕ್ತಿಯನ್ನೂ ತಲೆಮಾರುಗಳಿಂದ ಪಡೆದುಕೊಂಡು ಬಂದವರು. ಒಂದೇ ಮನೆಯಲ್ಲಿ ತಂದೆ ವಿಭೂತಿ ಧರಿಸಿ ಶಿವಪೂಜೆಗೆ ಕುಳಿತರೆ, ತಾಯಿ ಜಿನಮಂದಿರಕ್ಕೆ ಹೊರಡುತ್ತಿದ್ದಳು. ಶಾಂತಲೆ ತಾಯಿಯ ಧರ್ಮವನ್ನು ತನ್ನದಾಗಿ ಮಾಡಿಕೊಂಡಳು. ಆದರೆ ತಂದೆಯ ಧರ್ಮ ಆಕೆಗೆ ಎಂದೂ ಹೊರಗಿನದಾಗಲಿಲ್ಲ. ಮುಂದೆ ರಾಣಿಯಾದಾಗ ನಾಲ್ಕು ಸಮಯಗಳನ್ನೂ, ಅಂದರೆ ನಾಲ್ಕು ಮತಗಳನ್ನೂ, ಎತ್ತಿ ಹಿಡಿದವಳೆಂಬ ಹೆಸರು ಆಕೆಗೆ ಬಂದಿತು. ಅದು ಸಿಂಹಾಸನದ ಮೇಲೆ ಕುಳಿತ ಮೇಲೆ ಕಲಿತ ರಾಜನೀತಿಯಲ್ಲ. ಆಡುವ ವಯಸ್ಸಿನಲ್ಲಿ ಮನೆಯ ಜಗುಲಿಯಲ್ಲಿಯೇ ಕಂಡ ಬಾಳು ಎಂದು ತಿಳಿಯುವುದು ಹೆಚ್ಚು ಸರಿ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆ ಶಾಂತಲೆಯ ಹುಟ್ಟೂರೆಂದು ಅಭಿಮಾನದಿಂದ ಹೇಳುವವರುಂಟು. ಆ ಕಾಲದ ಬಳ್ಳಿಗಾವೆ ವಿದ್ಯೆಗೂ ಶಿಲ್ಪಕ್ಕೂ ದೊಡ್ಡ ನೆಲೆಯಾಗಿತ್ತು. ಬೇಲೂರಿನ ಗುಡಿಯಲ್ಲಿ ತಮ್ಮ ಹೆಸರನ್ನು ಕೆತ್ತಿ ಹೋದ ದಾಸೋಜ, ಆತನ ಮಗ ಚಾವಣ ಎಂಬ ಶಿಲ್ಪಿಗಳು ಬಳ್ಳಿಗಾವೆಯವರೇ. ಅರಸರ ಶಾಸನಗಳು ಹುಟ್ಟೂರನ್ನಾಗಲಿ ಬಾಲ್ಯದ ಆಟಪಾಠಗಳನ್ನಾಗಲಿ ಬರೆಯುವುದಕ್ಕಾಗಿ ಹುಟ್ಟಿದವಲ್ಲ. ದಾನ, ಗೆಲವು, ಸಾವು ಇಷ್ಟೇ ಅವುಗಳ ವಿಷಯ. ಆದರೂ ಶಾಂತಲೆಯ ಬಿರುದುಗಳಲ್ಲಿ ಆಕೆಯ ಬಾಲ್ಯದ ಒಂದು ಎಳೆ ನಮಗೆ ಸಿಗುತ್ತದೆ. ಹಾಡುಗಾರಿಕೆ, ವಾದ್ಯ, ನೃತ್ಯ ಈ ಮೂರರಲ್ಲಿಯೂ ಆಕೆ ನಿಪುಣೆಯೆಂದು ಶಾಸನಗಳು ಹೊಗಳುತ್ತವೆ. ನೃತ್ಯವೆಂಬುದು ದೊಡ್ಡವರಾದ ಮೇಲೆ ಕಲಿತು ಮುಗಿಸುವ ವಿದ್ಯೆಯಲ್ಲ. ಕಾಲಿಗೆ ಗೆಜ್ಜೆ ಕಟ್ಟುವುದು ಏಳೆಂಟರ ವಯಸ್ಸಿನಲ್ಲಿ. ಅಧಿಕಾರಿಯ ಮನೆಯೊಂದರಲ್ಲಿ ಹೆಣ್ಣುಮಗುವಿಗೆ ಇಂಥ ಪಾಠವನ್ನು ಹೇಳಿಸಿದ ಹೆತ್ತವರ ಆಸೆ ಎಷ್ಟು ದೊಡ್ಡದಿದ್ದಿರಬೇಕು!

ಆ ಹೊತ್ತಿಗೆ ಹೊಯ್ಸಳರು ಇನ್ನೂ ಬೆಳೆಯುತ್ತಿದ್ದ ಅರಸರು. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರು, ಅಂದಿನ ಸೊಸೆವೂರು, ಅವರ ಮೂಲ. ಮಲೆನಾಡಿನಿಂದ ಬಯಲಿಗಿಳಿದು ಬೇಲೂರಿನಲ್ಲಿಯೂ ದೋರಸಮುದ್ರದಲ್ಲಿಯೂ ಅವರು ನೆಲೆ ನಿಂತಿದ್ದರು. ದೋರಸಮುದ್ರವೇ ಮುಂದೆ ಹಾಳಾಗಿ ಹಳೆಯ ಬೀಡು, ಹಳೇಬೀಡು, ಎನಿಸಿಕೊಂಡಿತು. ಕಲ್ಯಾಣದ ಚಾಲುಕ್ಯರಿಗೆ ಅವರು ಸಾಮಂತರು. ದಕ್ಷಿಣದಲ್ಲಿ ತಲಕಾಡು ಸುಮಾರು ನೂರು ವರ್ಷಗಳಿಂದ ಚೋಳರ ವಶದಲ್ಲಿತ್ತು. ಎರೆಯಂಗ ಮತ್ತು ಏಚಲದೇವಿಯರ ಮಗನಾದ ಬಿಟ್ಟಿದೇವನು ಅಣ್ಣ ಬಲ್ಲಾಳನ ತರುವಾಯ 1108ರಲ್ಲಿ ಪಟ್ಟಕ್ಕೆ ಬಂದನು. ಈ ಬಿಟ್ಟಿದೇವನೇ ವಿಷ್ಣುವರ್ಧನ. ಶಾಂತಲೆ ಆತನ ಕೈಹಿಡಿದು ಪಟ್ಟಮಹಾದೇವಿಯಾದಳು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟನು. ಅರಸನಿಗೆ ತಲಕಾಡುಗೊಂಡ ಎಂಬ ಬಿರುದು ಬಂದಿತು. ಕನ್ನಡನಾಡಿನ ದಕ್ಷಿಣ ಭಾಗ ಮತ್ತೆ ಕನ್ನಡದ ಅರಸರ ಕೈಗೆ ಬಂದಿತು.

ಈ ಗೆಲವಿನ ಹಿಂದೆಯೇ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ನಾವು ಇಂದು ಚೆನ್ನಕೇಶವನ ಗುಡಿ ಎಂದು ಕರೆಯುವುದು ಇದನ್ನೇ. ರಾಮಾನುಜಾಚಾರ್ಯರ ಪ್ರಭಾವದಿಂದ ಅರಸನು ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ಶಾಂತಲೆ ಜೈನಳಾಗಿಯೇ ಉಳಿದಳು. ಗಂಡ ಹೆಂಡಿರ ನಡುವೆ ಇದು ಗೋಡೆಯಾಯಿತೆಂದು ಎಣಿಸುವವರು ಬೇಲೂರಿನ ಗುಡಿಯ ಅಂಗಳದಲ್ಲಿ ಒಂದು ಸುತ್ತು ಬರಬೇಕು. ದೊಡ್ಡ ಗುಡಿಯ ದಕ್ಷಿಣಕ್ಕೆ, ಅದೇ ಪ್ರಾಕಾರದೊಳಗೆ, ಅದರದೇ ಮಾದರಿಯ ಚಿಕ್ಕದೊಂದು ಗುಡಿಯಿದೆ. ಅದರಲ್ಲಿಯ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದವಳು ಜೈನಳಾದ ಈ ರಾಣಿ. ಅರಸನು ದೊಡ್ಡ ಗುಡಿ ಕಟ್ಟಿಸಿದ ಅದೇ ವರ್ಷದಲ್ಲಿ, ಅವನ ದೇವರಿಗೇ, ಪಕ್ಕದಲ್ಲಿಯೇ, ರಾಣಿಯೂ ಒಂದು ಗುಡಿಯನ್ನು ಅರ್ಪಿಸಿದಳು.

ಜನ ಈ ಗುಡಿಯನ್ನು ಕಪ್ಪೆ ಚೆನ್ನಿಗರಾಯನ ಗುಡಿ ಎನ್ನುತ್ತಾರೆ. ಜಕಣಾಚಾರಿ ಕೆತ್ತಿದ ವಿಗ್ರಹದ ಹೊಟ್ಟೆಯೊಳಗೆ ಕಪ್ಪೆಯಿದೆಯೆಂದು ಹುಡುಗನೊಬ್ಬ ತೋರಿಸಿಕೊಟ್ಟನೆಂಬ, ಆ ಹುಡುಗ ಆತನ ಮಗನೇ ಎಂದು ಆಮೇಲೆ ತಿಳಿಯಿತೆಂಬ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ಕಥೆ ಸೊಗಸಾಗಿದೆ. ಆದರೆ ಅದರ ಸದ್ದಿನಲ್ಲಿ ಗುಡಿಯನ್ನು ಮಾಡಿಸಿದ ಹೆಂಗಸಿನ ಹೆಸರು ಮರೆಯಾಗಿ, ಕಪ್ಪೆಯ ಹೆಸರು ಮುಂದೆ ಬಂದು ನಿಂತುದು ವಿಚಿತ್ರವಾಗಿದೆ.

ಬೇಲೂರಿನ ಶಿಲ್ಪಕ್ಕೆ ಬಳಸಿರುವುದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೃದುವಾಗಿದ್ದು ಉಳಿಯ ಮಾತನ್ನು ಕೇಳುತ್ತದೆ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಆದುದರಿಂದಲೇ ಮದನಿಕೆಯರ ಕೊರಳ ಹಾರದ ಮಣಿಗಳನ್ನು ಒಂದೊಂದಾಗಿ ಬಿಡಿಸಿ ಕೆತ್ತಲು ಸಾಧ್ಯವಾಯಿತು, ಕೆತ್ತಿದ್ದು ಒಂಬತ್ತು ಶತಮಾನ ಉಳಿಯಲೂ ಸಾಧ್ಯವಾಯಿತು. ಗುಡಿಯ ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು, ಹೀಗೆ ನಲವತ್ತೆರಡು ಮದನಿಕೆಯರು. ಒಬ್ಬಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ; ಒಬ್ಬಳು ಗಿಳಿಯೊಡನೆ ಮಾತನಾಡುತ್ತಿದ್ದಾಳೆ; ಮತ್ತೊಬ್ಬಳ ಸೆರಗನ್ನು ಕೋತಿ ಎಳೆಯುತ್ತಿದೆ. ಹಲವರು ನೃತ್ಯದ ಭಂಗಿಯಲ್ಲಿ ನಿಂತವರು. ಅವರ ಅಕ್ಕಪಕ್ಕದಲ್ಲಿ ಮದ್ದಳೆ ತಾಳಗಳನ್ನು ಹಿಡಿದ ಪುಟ್ಟ ವಾದ್ಯಗಾರರಿದ್ದಾರೆ. ಕನ್ನಡಿ ಹಿಡಿದವಳು ಶಾಂತಲೆಯೇ ಎಂದು ಊರಿನವರು ಹೇಳುತ್ತಾರೆ. ನವರಂಗದ ನಡುವೆ ಇರುವ ನುಣುಪಾದ ದುಂಡು ಕಲ್ಲಿನ ಮೇಲೆ ರಾಣಿ ದೇವರ ಮುಂದೆ ನರ್ತಿಸುತ್ತಿದ್ದಳೆಂದೂ ಹೇಳುತ್ತಾರೆ. ಇವು ಜನರ ಪ್ರೀತಿ ಕಟ್ಟಿಕೊಂಡ ಮಾತುಗಳು. ಪೂರ್ವದ ಬಾಗಿಲಿನ ಪಕ್ಕದಲ್ಲಿರುವ ಜಾಲಂಧ್ರದ ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆಯಿದೆ. ಅಲ್ಲಿ ಅರಸನು ಒಡ್ಡೋಲಗದಲ್ಲಿ ಕುಳಿತಿದ್ದಾನೆ, ಪಕ್ಕದಲ್ಲಿ ರಾಣಿ ಕುಳಿತಿದ್ದಾಳೆ. ಅವರು ವಿಷ್ಣುವರ್ಧನ ಶಾಂತಲೆಯರೆಂದು ವಿದ್ವಾಂಸರು ಗುರುತಿಸಿದ್ದಾರೆ. ರಾಣಿ ತೆರೆಯ ಮರೆಯಲ್ಲಿಲ್ಲ; ಸಭೆಯ ನಡುವೆ ಇದ್ದಾಳೆ.

ಹಳೇಬೀಡಿನಲ್ಲಿ ಅಧಿಕಾರಿ ಕೇತಮಲ್ಲನು 1121ರಲ್ಲಿ ಶಿವಾಲಯವನ್ನು ಕಟ್ಟಿಸಿದನು. ಒಂದೇ ಜಗತಿಯ ಮೇಲೆ ಒಂದರ ಪಕ್ಕದಲ್ಲಿ ಒಂದು ನಿಂತ ಎರಡು ಗುಡಿಗಳು. ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಎರಡರ ಮುಂದೆಯೂ ನಂದಿಮಂಟಪಗಳಿವೆ. ದಕ್ಷಿಣದ ಗುಡಿಯ ದೇವರು ಹೊಯ್ಸಳೇಶ್ವರ, ಉತ್ತರದ ಗುಡಿಯ ದೇವರು ಶಾಂತಲೇಶ್ವರ. ಅರಸನ ಹೆಸರಿನ ಪಕ್ಕದಲ್ಲಿ ಅರಸಿಯ ಹೆಸರು. ಶಿವಭಕ್ತನಾದ ಮಾರಸಿಂಗಯ್ಯನ ಮಗಳ ಹೆಸರನ್ನು ಹೊತ್ತು ಶಿವನೇ ಅಲ್ಲಿ ನಿಂತನು. ಆನೆ, ಸಿಂಹ, ಬಳ್ಳಿ, ಕುದುರೆಯ ಸಾಲುಗಳೂ ಅವುಗಳ ಮೇಲೆ ರಾಮಾಯಣ ಮಹಾಭಾರತಗಳ ಕಥೆಗಳೂ ಈ ಗುಡಿಯ ಗೋಡೆಯನ್ನು ಸುತ್ತುವರಿದಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಶಾಂತಲೆಯ ಮನಸ್ಸು ಮಾತ್ರ ಶ್ರವಣಬೆಳಗೊಳದಲ್ಲಿತ್ತು. ಅಲ್ಲಿ ಎದುರುಬದುರಾಗಿ ಎರಡು ಬೆಟ್ಟಗಳಿವೆ. ದೊಡ್ಡಬೆಟ್ಟದ ಮೇಲೆ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನಿದ್ದಾನೆ. ಚಿಕ್ಕಬೆಟ್ಟ ಅದಕ್ಕಿಂತ ಹಳೆಯ ನೆಲೆ. ಮುನಿಗಳು ತಪಸ್ಸು ಮಾಡಿ ದೇಹ ಬಿಟ್ಟ ಸ್ಥಳ. ಶಾಂತಲೆ 1123ರಲ್ಲಿ ಈ ಚಿಕ್ಕಬೆಟ್ಟದ ಮೇಲೆ ಬಸದಿಯೊಂದನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಿಸಿದಳು. ಬಸದಿಯ ಪೂಜೆಗೂ ಮುನಿಗಳ ಆಹಾರಕ್ಕೂ ಮೊಟ್ಟೆನವಿಲೆ ಎಂಬ ಊರನ್ನು ಅರಸನ ಒಪ್ಪಿಗೆ ಪಡೆದು ತನ್ನ ಗುರುವಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಇದಕ್ಕೆ ಸವತಿಗಂಧವಾರಣ ಬಸದಿ ಎಂದು ಹೆಸರು. ಗಂಧವಾರಣವೆಂದರೆ ಮದಿಸಿದ ಆನೆ. ಸವತಿಯರ ಪಾಲಿಗೆ ಮದಗಜದಂತಿದ್ದವಳು ಎಂಬುದು ಶಾಂತಲೆಯ ಬಿರುದು. ವಿಷ್ಣುವರ್ಧನನಿಗೆ ಬೇರೆ ರಾಣಿಯರೂ ಇದ್ದರು. ದೇವರ ಮನೆಗೆ ಇಂಥ ಹೆಸರೇ ಎಂದು ಇಂದಿನವರಿಗೆ ನಗು ಬರಬಹುದು. ಆದರೆ ಅರಮನೆಯೊಳಗಿನ ಬಾಳು ಬಿರುದಾವಳಿಯಷ್ಟು ಸುಗಮವಾಗಿರಲಿಲ್ಲ ಎಂಬುದನ್ನು ಈ ಒಂದು ಮಾತು ತಿಳಿಸುವಷ್ಟು ಬೇರೆ ಯಾವ ಹೊಗಳಿಕೆಯೂ ತಿಳಿಸುವುದಿಲ್ಲ.

ಚಿಕ್ಕಬೆಟ್ಟದ ವಿಷಯವಾಗಿ ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ಆ ಕಾಲದ ಕನ್ನಡಿಗರಿಗೆ ತಮ್ಮವರು ಸತ್ತರೆ ಕಲ್ಲಿನಲ್ಲಿ ನೆನೆಯುವ ಪದ್ಧತಿಯಿತ್ತು. ತುರುಗಳನ್ನು ಬಿಡಿಸಿ ತರಲು ಹೋಗಿ ಸತ್ತ ಹಳ್ಳಿಯ ತರುಣನಿಗೂ ವೀರಗಲ್ಲು ಇರುತ್ತಿತ್ತು. ವ್ರತದಿಂದ ದೇಹ ಬಿಟ್ಟ ಜೈನರಿಗೆ ನಿಸಿಧಿ ಎಂಬ ಕಲ್ಲನ್ನು ನಿಲ್ಲಿಸುತ್ತಿದ್ದರು. ಸತ್ತವರ ಗುಣಗಳನ್ನು ಕವಿಯೊಬ್ಬನು ಪದ್ಯಗಳಲ್ಲಿ ಹೇಳುವನು, ಅದನ್ನು ಲಿಪಿಕಾರನು ಕಲ್ಲಿನ ಮೇಲೆ ಬರೆಯುವನು, ರೂವಾರಿಯು ಕಂಡರಿಸುವನು. ತಾಳೆಗರಿಯ ಕಾವ್ಯಗಳಷ್ಟೇ ಅಲ್ಲದೆ ಈ ಕಲ್ಲುಗಳೂ ಕನ್ನಡ ಸಾಹಿತ್ಯವೇ. ತಲಕಾಡನ್ನು ಗೆದ್ದ ದಂಡನಾಯಕ ಗಂಗರಾಜನನ್ನೇ ನೋಡಿರಿ. ಆತನ ಬಿರುದುಗಳನ್ನು ಓದಿದರೆ ಶತ್ರುಗಳ ರುಂಡಗಳೇ ಕಣ್ಣಿಗೆ ಕಟ್ಟುತ್ತವೆ. ಅದೇ ಗಂಗರಾಜನು ತಾಯಿ ಪೋಚಿಕಬ್ಬೆಗಾಗಿ ಚಿಕ್ಕಬೆಟ್ಟದಲ್ಲಿ ಕತ್ತಲೆ ಬಸದಿಯನ್ನು ಕಟ್ಟಿಸಿದನು. ತಾಯಿ ತೀರಿಕೊಂಡಾಗ ಆಕೆಯ ನೆನಪಿಗೆ ಶಾಸನ ಬರೆಯಿಸಿದನು. 1121ರ ಸುಮಾರಿಗೆ ಹೆಂಡತಿ ಲಕ್ಷ್ಮಿ ತೀರಿಕೊಂಡಾಗ ಆಕೆಗೂ ನಿಸಿಧಿಯನ್ನು ಮಾಡಿಸಿದನು. ಯುದ್ಧದಲ್ಲಿ ಯಾರೂ ಕಾಣದ ಗಂಗರಾಜನ ಮುಖ ಈ ಬೆಟ್ಟದ ಮೇಲೆ ಕಾಣುತ್ತದೆ.

ಇಂಥದೇ ಕಲ್ಲೊಂದು ಶಾಂತಲೆಯ ಪಾಲಿಗೂ ಬಂದಿತು. 1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ದಾರಿಯಲ್ಲಿ ಡಾಬಸ್‌ಪೇಟೆಯ ಹತ್ತಿರ ಕಾಣುವ ಕಡಿದಾದ ಬೆಟ್ಟವೇ ಶಿವಗಂಗೆ. ಅದರ ನೆತ್ತಿಯ ಬಳಿ ಪ್ರಪಾತವೊಂದಿದ್ದು, ರಾಣಿ ಅಲ್ಲಿಂದ ಧುಮುಕಿ ಪ್ರಾಣ ಬಿಟ್ಟಳೆಂದು ಜನ ತೋರಿಸುತ್ತಾರೆ. ತನಗೆ ಗಂಡುಮಗುವಾಗಲಿಲ್ಲ, ಅರಸನು ಇನ್ನೊಬ್ಬ ರಾಣಿಯಿಂದ ಮಗನನ್ನು ಪಡೆಯಲೆಂದು ಆಕೆ ಹೀಗೆ ಮಾಡಿದಳೆಂಬುದು ಕಥೆ. ಈ ಕಥೆ ನಾಟಕಗಳಿಗೆ ಬೇಕಾದಷ್ಟು ಒದಗಿದೆ. ಶಾಸನವು ಹೇಳುವುದು ಅದನ್ನಲ್ಲ. ಶಿವಗಂಗೆಯ ತೀರ್ಥದಲ್ಲಿ ಶಾಂತಲೆ ದೇಹವನ್ನು ತೊರೆದು ಸ್ವರ್ಗಕ್ಕೆ ಸಂದಳು ಎಂದಷ್ಟೇ ಅದು ಹೇಳುತ್ತದೆ. ಧುಮುಕಿದಳೆಂಬ ಮಾತು ಅದರಲ್ಲಿಲ್ಲ; ಮಗನಿಗಾಗಿ ಸತ್ತಳೆಂಬ ಮಾತೂ ಇಲ್ಲ. ಹಾಡಿ, ಕುಣಿದು, ಗುಡಿ ಬಸದಿಗಳನ್ನು ಮಾಡಿಸಿ, ಸಭೆಯ ನಡುವೆ ಅರಸನ ಸಮಕ್ಕೆ ಕುಳಿತ ಹೆಂಗಸಿನ ಇಡೀ ಬಾಳನ್ನು ಒಂದು ಬಂಡೆಯ ಅಂಚಿಗೆ ತಂದು ನಿಲ್ಲಿಸುವ ಈ ಕಥೆಯನ್ನು ಆಧಾರವಿಲ್ಲದೆ ನಂಬುವುದು ಆಕೆಗೆ ಮಾಡುವ ಅನ್ಯಾಯವೇ ಸರಿ. ಅಂಥ ಕಥೆ ಹುಟ್ಟಲು ಕಾರಣವೊಂದಿತ್ತು. ಅದನ್ನು ಮುಂದೆ ನೋಡೋಣ.

ಮಗಳು ತೀರಿಕೊಂಡಾಗ ಮಾಚಿಕಬ್ಬೆ ಬದುಕಿದ್ದಳು. ಮಕ್ಕಳು ಹೆತ್ತವರನ್ನು ಮಣ್ಣು ಮಾಡುವುದು ಲೋಕದ ಕ್ರಮ. ಹೆತ್ತವರು ಮಕ್ಕಳನ್ನು ಕಳುಹಿಸಿಕೊಡುವುದು ಕ್ರಮ ತಪ್ಪಿದ ದುಃಖ. ತಾನು ಎತ್ತಿ ಆಡಿಸಿದ ಮಗು, ಕಾಲಿಗೆ ಗೆಜ್ಜೆ ಕಟ್ಟಿ ಪಾಠಕ್ಕೆ ಕಳುಹಿಸಿದ ಹುಡುಗಿ, ಪಟ್ಟಮಹಾದೇವಿಯಾಗಿ ನಾಡೆಲ್ಲ ಕೈಮುಗಿಯುವಂತೆ ಬಾಳಿದ ಮಗಳು, ಇನ್ನಿಲ್ಲ ಎಂದ ಮೇಲೆ ಆ ತಾಯಿಗೆ ಮನೆ ಬೇಡವಾಯಿತು. ಅರಸಿ ದೇವಗತಿಗೆ ಸಂದ ಮೇಲೆ ತಾನು ಇರುವುದು ಸಲ್ಲದೆಂದು ಅವಳು ಬೆಳಗೊಳಕ್ಕೆ ಬಂದಳೆಂದು ಶಾಸನ ಹೇಳುತ್ತದೆ. ಅಲ್ಲಿ ಮಗಳು ಕಟ್ಟಿಸಿದ ಬಸದಿಯಿತ್ತು. ಮಗಳ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರೂ ಇದ್ದರು.

ಜೈನರಲ್ಲಿ ವಯಸ್ಸಾದವರು ಗುರುಗಳ ಅನುಮತಿ ಪಡೆದು ಆಹಾರವನ್ನು ತ್ಯಜಿಸಿ, ಬಂಧನಗಳನ್ನೆಲ್ಲ ಬಿಟ್ಟು ಶಾಂತಿಯಿಂದ ದೇಹವನ್ನು ಒಪ್ಪಿಸುವ ಒಂದು ಕಠಿಣ ವ್ರತವುಂಟು. ಸಲ್ಲೇಖನವೆಂದು ಅದಕ್ಕೆ ಹೆಸರು. ಮಾಚಿಕಬ್ಬೆ ಆ ವ್ರತವನ್ನು ಹಿಡಿದಳು. ಒಂದು ತಿಂಗಳ ಕಾಲ ಉಪವಾಸವಿದ್ದಳು. ಆ ದಿನಗಳ ಅವಳ ಚಿತ್ರವನ್ನು ಶಾಸನದ ಕವಿ ಕೆಲವೇ ಮಾತುಗಳಲ್ಲಿ ಬಿಡಿಸಿದ್ದಾನೆ. ಕಣ್ಣುಗಳು ಅರೆ ಮುಚ್ಚಿವೆ. ತುಟಿಯಲ್ಲಿ ಪಂಚಪದಗಳು ನಡೆಯುತ್ತಿವೆ. ಮನಸ್ಸು ಜಿನನಲ್ಲಿದೆ. ಸುತ್ತ ಸೇರಿದ ನಂಟರ ಮೋಹವನ್ನು ಅವಳು ಬಿಡಿಸಿಕೊಳ್ಳುತ್ತಿದ್ದಾಳೆ. ಜಿನಧರ್ಮದಂತೆ ಎಲ್ಲ ಮೋಹವನ್ನೂ ಕಳೆದುಕೊಂಡು ಹೋಗುವುದೇ ಆ ವ್ರತದ ಗುರಿ. ಆದರೆ ಅವಳನ್ನು ಆ ಬೆಟ್ಟಕ್ಕೆ ಕರೆತಂದುದು ಮಗಳ ಮೋಹವೇ ಎಂಬುದನ್ನು ಕವಿ ಮುಚ್ಚಿಡಲಿಲ್ಲ. ಧರ್ಮ ಅವಳನ್ನು ಹೊಗಳುವುದಕ್ಕೆ ಮೊದಲು, ತಾಯಿಯಾಗಿ ಅವಳು ನಮಗೆ ಕಾಣುವುದು ಆ ಕಾರಣದಿಂದ.

ಈ ಎಲ್ಲವನ್ನೂ ಚಿಕ್ಕಬೆಟ್ಟದ ಮೇಲೆ ಕಲ್ಲಿನಲ್ಲಿ ಬರೆದವನ ಹೆಸರು ಬೋಕಿಮಯ್ಯ. ಅವನು ವಿಷ್ಣುವರ್ಧನನ ಪರಾಕ್ರಮವನ್ನು ಹೇಳಿದನು, ಶಾಂತಲೆಯ ಗುಣಗಳನ್ನು ಹೇಳಿದನು, ಆಕೆಯ ಮರಣವನ್ನು ಹೇಳಿದನು, ತಾಯಿಯ ಮರಣವನ್ನೂ ಅದರ ಜೊತೆಗೇ ಸೇರಿಸಿದನು. ಅರಸರ ಶಾಸನಗಳಲ್ಲಿ ವಂಶ ಸಾಗುವುದು ತಂದೆಯಿಂದ ಮಗನಿಗೆ. ಈ ಒಂದು ಕಲ್ಲಿನಲ್ಲಿ ಮಾತ್ರ ಅದು ತಾಯಿ ಮಗಳ ಕಥೆಯಾಗಿದೆ.

ಇನ್ನು ಹಿಂದೆ ಹೇಳಿದ ಕಾರಣಕ್ಕೆ ಬರೋಣ. 1133ರಲ್ಲಿ ದಂಡನಾಯಕ ಗಂಗರಾಜನೂ ತೀರಿಕೊಂಡನು. ತಾಯಿಯನ್ನೂ ಹೆಂಡತಿಯನ್ನೂ ಕಲ್ಲಿನಲ್ಲಿ ನೆನೆದವನನ್ನು ಅವನ ಮಗ ಬೊಪ್ಪನು ನೆನೆಯದೆ ಇರುವನೇ? ದೋರಸಮುದ್ರದಲ್ಲಿ ತಂದೆಯ ನೆನಪಿಗಾಗಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದನು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಅದು ಈಗಲೂ ಇದೆ. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳಲ್ಲಿ ನೋಡುವವರ ಮುಖ ಕಾಣುತ್ತದೆ. ಪ್ರತಿಷ್ಠೆಯಾದ ಬಳಿಕ ಅಲ್ಲಿಯ ಅರ್ಚಕರು ಗಂಧೋದಕವನ್ನೂ ಮಂತ್ರಾಕ್ಷತೆಯನ್ನೂ ತೆಗೆದುಕೊಂಡು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಅರಸನು ಆಗತಾನೆ ಯುದ್ಧವೊಂದನ್ನು ಗೆದ್ದಿದ್ದನು. ಅದೇ ಸಮಯಕ್ಕೆ ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ಅರಸನು ಪ್ರಸಾದವನ್ನು ಎದ್ದು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಆ ಮಗುವೇ ಮುಂದೆ ಪಟ್ಟಕ್ಕೆ ಬಂದ ನರಸಿಂಹ. ಶಾಂತಲೆ ತೀರಿಕೊಂಡುದು 1131ರಲ್ಲಿ, ಅರಸನಿಗೆ ಮಗ ಹುಟ್ಟಿದುದು 1133ರಲ್ಲಿ. ಎರಡು ವರ್ಷಗಳ ಈ ಅಂತರದಲ್ಲಿ ಜನರ ಕಲ್ಪನೆ ಶಿವಗಂಗೆಯ ಕಥೆಯನ್ನು ಹೆಣೆದಿರಬೇಕು. ಎರಡು ನಿಜಗಳ ನಡುವಿನ ಖಾಲಿ ಜಾಗ ಕಥೆಗೆ ಒಳ್ಳೆಯ ನೆಲ.

ಹದಿನಾಲ್ಕನೆಯ ಶತಮಾನದ ದಾಳಿಗಳಲ್ಲಿ ದೋರಸಮುದ್ರ ಹಾಳಾಯಿತು. ಹೊಯ್ಸಳರ ಆಳ್ವಿಕೆ ಮುಗಿಯಿತು. ಶಾಸನಗಳ ಲಿಪಿಯನ್ನು ಓದಬಲ್ಲವರು ಕಡಿಮೆಯಾದರು. ಬೆಟ್ಟಕ್ಕೆ ಬಂದ ಭಕ್ತರು ಬೋಕಿಮಯ್ಯನ ಅಕ್ಷರಗಳ ಪಕ್ಕದಲ್ಲಿಯೇ ನಡೆದುಹೋದರು. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಓದಿ ಅಚ್ಚು ಹಾಕಿಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರು ಬೆಟ್ಟಗಳ ಬಂಡೆ ಬಂಡೆಯನ್ನೂ ಹುಡುಕಿ 1923ರಲ್ಲಿ ಐನೂರು ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರತಂದರು. ಶಾಂತಲೆ ಮಾಚಿಕಬ್ಬೆಯರ ಕಥೆ ಹೀಗೆ ಮತ್ತೆ ಕನ್ನಡಿಗರ ಕೈಗೆ ಬಂದಿತು.

ಕೈಗೆ ಬಂದುದು ಬೇಗನೆ ಮನಸ್ಸಿಗೂ ಬಂದಿತು. ಬೆಂಗಳೂರಿನಲ್ಲಿ ತರುಣರಿಗೆ ವ್ಯಾಯಾಮ ಕಲಿಸುತ್ತಿದ್ದ ಕೆ. ವಿ. ಅಯ್ಯರ್ ಅವರು ಈ ರಾಣಿಯನ್ನು ಕುರಿತು ಕಾದಂಬರಿ ಬರೆದರು. ಸಿ. ಕೆ. ನಾಗರಾಜರಾವ್ ಅವರು ಶಾಸನಗಳನ್ನು ಒಂದೊಂದಾಗಿ ಓದಿ, ಪಟ್ಟಮಹಾದೇವಿಯನ್ನು ಕುರಿತ ಬಹು ದೊಡ್ಡ ಕಾದಂಬರಿಯನ್ನು ಬರೆದರು. ಅದಕ್ಕೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಮೊದಲು ಸಂದದ್ದು ಈ ಕೃತಿಗೇ. ಶಾಸನಗಳು ಬರೆಯದೆ ಬಿಟ್ಟ ಶಾಂತಲೆಯ ಬಾಲ್ಯವನ್ನು ಕಾದಂಬರಿಕಾರರು ಪುಟಗಟ್ಟಲೆ ಕಟ್ಟಿಕೊಟ್ಟರು. ಪುಟ್ಟ ಹುಡುಗಿ ತಂದೆ ತಾಯಿಯರನ್ನು ಪ್ರಶ್ನೆ ಕೇಳುತ್ತಾಳೆ. ಗುರುವಿನ ಮುಂದೆ ಕುಳಿತು ಪಾಠ ಒಪ್ಪಿಸುತ್ತಾಳೆ.

ಆ ಪುಟ್ಟ ಹುಡುಗಿಗೆ ಅಕ್ಷರ ಕಲಿಸುವ ಗುರು ಯಾರಾಗಬೇಕೆಂದು ನಾಗರಾಜರಾವ್ ಅವರು ಯೋಚಿಸಿದಾಗ ಅವರಿಗೆ ದೂರ ಹುಡುಕಬೇಕಾಗಿ ಬರಲಿಲ್ಲ. ಚಿಕ್ಕಬೆಟ್ಟದ ಕಲ್ಲಿನಲ್ಲಿ ಒಬ್ಬನ ಹೆಸರಿತ್ತು. ಕೂಲಿಗಾಗಿ ಬರೆದವನು ಒಬ್ಬ ರಾಣಿಯ ಸಾವನ್ನೂ ತಾಯಿಯ ಸಂಕಟವನ್ನೂ ಹೀಗೆ ಬರೆಯಲಾರನೆಂದು ಅವರಿಗೆ ತೋರಿರಬೇಕು. ಕಾದಂಬರಿಯಲ್ಲಿ ಶಾಂತಲೆಯ ಕೈ ಹಿಡಿದು ಪಾಠ ಹೇಳುವ ಗುರು ಬೋಕಿಮಯ್ಯನೇ. ಕೊನೆಯ ಮಾತನ್ನು ಬರೆದವನಿಂದಲೇ ಅವರು ಆಕೆಗೆ ಮೊದಲ ಅಕ್ಷರವನ್ನೂ ಹೇಳಿಸಿದರು.